ಟೈಲರ್ ತಾತ ಮಿಷನ್ ನಿಲ್ಲಿಸಿದ ದಿನ

ನೆಗಡಿ ಬಾರದ ಮಗು ಯಾವ ಮನೆಯಲ್ಲಿದೆ, ಹೇಳಿ? ಮೂಗು ಸೋರಿಸದೆ ದೊಡ್ಡವರಾದವರು ನಮ್ಮಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಟೈಲರ್ ತಾತನ ಮೊಮ್ಮಗಳಿಗೆ ನೆಗಡಿ, ಕೆಮ್ಮು ಶುರುವಾದಾಗ ಆ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಾತನಂತೂ ಸೂಜಿಗೆ ದಾರ ಪೋಣಿಸುತ್ತಲೇ ತೀರ್ಪು ಕೊಟ್ಟುಬಿಟ್ಟ.

"ಔಷಧಿ ಕೊಟ್ರೆ ಏಳು ದಿನ, ಕೊಡದೇ ಇದ್ರೆ ಒಂದು ವಾರ. ನೆಗಡಿ ಅಂದ್ರೆ ಅಷ್ಟೇ ಕಣಮ್ಮ."

ಸೊಸೆ ಮತ್ತೆ ಹೊಲಿಗೆ ಮಿಷನ್ನಿಗೆ ಕೂತಳು. ಶಾಲೆ ಶುರುವಾಗಲು ಇನ್ನೊಂದೇ ವಾರ ಇತ್ತು. ಕತ್ತರಿಸುವ ಮೇಜಿನ ಮೇಲೆ ಮಕ್ಕಳ ಸಮವಸ್ತ್ರದ ನೀಲಿ ಬಟ್ಟೆ ಗುಡ್ಡದ ಹಾಗೆ ಬಿದ್ದಿತ್ತು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಎರಡು ಮಿಷನ್, ಒಂದು ಮೇಜು, ಮೂಲೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ತಾತ ಒಂದು ಮಿಷನ್ನಿನಲ್ಲಿ, ಸೊಸೆ ಇನ್ನೊಂದರಲ್ಲಿ. ಮಗ ದೂರದೂರಿನ ಬಸ್ಸಿನ ಡ್ರೈವರು. ಹೋದರೆ ವಾರಗಟ್ಟಲೆ ಮನೆ ಕಡೆ ಸುಳಿಯುತ್ತಿರಲಿಲ್ಲ. ಎರಡು ಮಿಷನ್ನುಗಳ ನಡುವೆ, ಬಟ್ಟೆಚೂರು ತುಂಬಿದ ಅಗಲ ಬುಟ್ಟಿಯಲ್ಲಿ, ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಲಿ ಎಂದು ಅದರ ಮಗ್ಗುಲಲ್ಲೇ ಮಲಗಿಸಿದ್ದು ಮನೆಯ ರಾಣಿಯನ್ನು. ಹತ್ತು ತಿಂಗಳ ಕೂಸು. ದಾರದುಂಡೆ ಉರುಳಿದ ಕಡೆಗೆಲ್ಲ ತಾನೂ ಉರುಳಿಕೊಂಡು ಹೋಗುತ್ತಿದ್ದಳೆಂದು ತಾತ ಅವಳನ್ನು 'ಉಂಡೆ' ಎಂದು ಕರೆಯುತ್ತಿದ್ದ. ಅವಳೂ ಹೆಸರಿಗೆ ತಕ್ಕಂತೆಯೇ ಇದ್ದಳು.

ಉಂಡೆ ಹುಟ್ಟಿದ್ದು, ಬೆಳೆದದ್ದು, ನಿದ್ದೆ ಮಾಡಿದ್ದು ಎಲ್ಲ ಆ ಮಿಷನ್ನಿನ ಸದ್ದಿನಲ್ಲೇ. ಬೇರೆ ಮಕ್ಕಳು ಸದ್ದಾದರೆ ಎದ್ದು ಅಳುತ್ತವೆ. ಇವಳು ಸದ್ದು ನಿಂತರೆ ಎದ್ದು ಅಳುವವಳು. ತಾತ ಊಟಕ್ಕೆ ಏಳುವಂತಿಲ್ಲ, ಕೂಡಲೇ ಬುಟ್ಟಿಯಿಂದ ರಾಗ ಹೊರಡುತ್ತಿತ್ತು. "ಮುದುಕ ದುಡೀಲಿ ಅಂತ ಕಾವಲು ಕೂತಿದ್ದಾಳೆ ನೋಡಿ," ಎಂದು ತಾತ ಬಂದವರಿಗೆಲ್ಲ ಹೆಮ್ಮೆಯಿಂದ ದೂರು ಹೇಳುತ್ತಿದ್ದ.

ನೆಗಡಿ ಶುರುವಾದ ದಿನವೇ ತಾತ ಸಮವಸ್ತ್ರ ಬದಿಗಿಟ್ಟು ಉಂಡೆಗೊಂದು ಅಂಗಿ ಹೊಲಿದ. ಅದನ್ನು ಅಂಗಿ ಎನ್ನುವುದಕ್ಕಿಂತ ಕೋಟೆ ಎನ್ನುವುದೇ ಸರಿ. ಎರಡು ಪದರ ದಪ್ಪ ಬಟ್ಟೆ, ನಡುವೆ ಹತ್ತಿ, ಮೈಗೆ ಅಂಟಿದಂಥ ಅಳತೆ. ಮಗು ಕಿತ್ತು ಬಾಯಿಗೆ ಹಾಕಿಕೊಳ್ಳಬಾರದೆಂದು ಹುಕ್ಕುಗಳೆಲ್ಲ ಬೆನ್ನಿಗೆ. ತೊಡಿಸಿದ ಮೇಲೆ ಕೈಕಾಲು ಚಾಚಿದ ದಿಂಬಿನ ಹಾಗೆ ಕಾಣುತ್ತಿದ್ದಳು.

"ಕೆಮ್ಮು ಹೋಗೋವರೆಗೂ ಇದನ್ನ ಬಿಚ್ಚಕೂಡದು," ಎಂದ ತಾತ. "ಬಿಚ್ಚಿದ್ರೆ ಶೀತ ಎದೆಗೆ ಇಳಿಯುತ್ತೆ. ಕಿಟಕೀನೂ ಹಾಕ್ಬಿಡು."

ಸೊಸೆ ಕಿಟಕಿ ಹಾಕಿದಳು. ಆದರೂ ಅವಳ ಮನಸ್ಸು ತಡೆಯಲಿಲ್ಲ. "ಮಾವ, ಇವಳು ಯಾಕೋ ಎರಡು ಗುಟುಕು ಕುಡಿದು ಬಿಟ್ಟುಬಿಡ್ತಾಳೆ. ಮತ್ತೆ ಬಾಯಿ ಹಾಕ್ತಾಳೆ, ಮತ್ತೆ ಬಿಡ್ತಾಳೆ."

"ಒಳ್ಳೇದೇ ಆಯ್ತು ಬಿಡು. ಹಾಲು ಕಫ ಮಾಡುತ್ತೆ."

"ಉಸಿರೂ ಸ್ವಲ್ಪ ಜೋರಾಗಿದೆ ಅನ್ಸುತ್ತೆ..."

"ಮೂಗು ಕಟ್ಟಿದೆಯಲ್ಲಮ್ಮ, ಜೋರಾಗದೆ ಇನ್ನೇನು? ನಿನ್ನ ಗಂಡನ್ನ ಬೆಳೆಸಿದವನು ನಾನು. ಅವನ ಮೂಗು ಹನ್ನೆರಡು ತಿಂಗಳೂ ಸೋರ್ತಿತ್ತು. ಈಗ ನೋಡು, ಬಸ್ಸು ಓಡಿಸ್ತಿದಾನೆ."

ಮೂಗಿಗೂ ಬಸ್ಸಿಗೂ ಏನು ಸಂಬಂಧವೋ ದೇವರೇ ಬಲ್ಲ. ಆದರೆ ಮಾವ ಮಾತಿನಲ್ಲಿ ಗಂಟು ಹಾಕಿದರೆ ಬಿಚ್ಚುವ ಧೈರ್ಯ ಸೊಸೆಗೆ ಇರಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ತಾತ ಕೆಟ್ಟವನಲ್ಲ. ಆ ಮಗುವಿಗಾಗಿ ತನ್ನ ಕಣ್ಣನ್ನೇ ಗುಂಡಿಯ ಬದಲು ಹೊಲಿದುಕೊಡು ಎಂದರೂ ಕೊಡುವವನು. ಪ್ರೀತಿ ಕುರುಡು ಎನ್ನುತ್ತಾರೆ. ತಾತನ ಪ್ರೀತಿ ಆ ವಾರ ಕಿವುಡೂ ಆಗಿತ್ತು.

ಮೂರನೇ ದಿನ ಬೆಳಿಗ್ಗೆ ಎದುರಿನ ಬ್ರೆಡ್ ಅಂಗಡಿಯವನು ಅಂಗಿಯ ಅಳತೆ ಕೊಡಲು ಬಂದ. ಸಣ್ಣಗೆ ಕಾಣಬೇಕೆಂದು ಉಸಿರು ಬಿಗಿಹಿಡಿದು ನಿಂತ. ತಾತನಿಗೆ ಇಂಥ ಆಟಗಳೆಲ್ಲ ಗೊತ್ತು.

"ಉಸಿರು ಬಿಡಪ್ಪ. ಹಾಂ. ಈಗ ನಿಧಾನಕ್ಕೆ ಒಳಗೆ ಎಳ್ಕೋ. ನೋಡು, ಟೇಪು ಎಷ್ಟು ಬಿಗಿ ಆಯ್ತು! ಉಸಿರು ಎಳ್ಕೊಂಡಾಗ ಎದೆ ಹಿಗ್ಗುತ್ತೆ. ಆ ಹಿಗ್ಗಿಗೆ ಜಾಗ ಬಿಡದೇ ಹೊಲಿದ್ರೆ, ನೀನು ಆಕಳಿಸಿದ ದಿನ ಗುಂಡಿ ಹಾರಿ ಗಿರಾಕಿ ಕಣ್ಣಿಗೆ ಬೀಳುತ್ತೆ."

ಇದೇ ಮಾತನ್ನು ತಾತ ಆ ಊರಿನ ಎಲ್ಲರಿಗೂ ಹೇಳಿದ್ದ. ಎಷ್ಟು ಎದೆಗಳಿಗೆ ಟೇಪು ಹಿಡಿದಿದ್ದನೋ ಲೆಕ್ಕವಿಲ್ಲ. ತನ್ನ ಬುಟ್ಟಿಯೊಳಗಿನ ಎದೆಯೊಂದನ್ನು ಮಾತ್ರ ನೋಡಿರಲಿಲ್ಲ. ಅದು ಕೋಟೆಯೊಳಗಿತ್ತು.

ಮಧ್ಯಾಹ್ನ ನರ್ಸಮ್ಮ ಬಂದಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ತಾತನ ಹಳೇ ಗಿರಾಕಿ. ತನ್ನ ಸಮವಸ್ತ್ರದ ಜೇಬು ಇನ್ನಷ್ಟು ಆಳ ಮಾಡಿಸಬೇಕಿತ್ತು. "ಬಗ್ಗಿದಾಗೆಲ್ಲ ಥರ್ಮಾಮೀಟರ್ ಕೆಳಗೆ ಬೀಳುತ್ತೆ ತಾತ," ಎನ್ನುತ್ತಾ ಒಳಗೆ ಬಂದವಳು ಬಾಗಿಲಲ್ಲೇ ಕೆಮ್ಮಿದಳು. ಮುಚ್ಚಿದ ಕಿಟಕಿ, ಇದ್ದಿಲ ಹೊಗೆ, ಬಟ್ಟೆಯ ಧೂಳು. ಅವಳ ಕಣ್ಣು ನೇರ ಬುಟ್ಟಿಗೆ ಹೋಯಿತು.

"ನಮ್ಮ ಉಂಡೆಗೆ ಏನಾಯ್ತು?"

"ನೆಗಡಿ," ಎಂದ ತಾತ, ಮಿಷನ್ ತುಳಿಯುತ್ತಲೇ.

"ಹಾಲು ಸರಿಯಾಗಿ ಕುಡೀತಿದಾಳಾ?"

ಪ್ರಶ್ನೆ ತಾತನಿಗಲ್ಲ, ಸೊಸೆಗೆ. ಸೊಸೆ ತಲೆ ಅಲ್ಲಾಡಿಸಿದಳು. ಕೇಳುವವರು ಸಿಕ್ಕರೆಂಬ ಸಮಾಧಾನಕ್ಕೋ ಏನೋ ಅವಳ ಕಣ್ಣು ತುಂಬಿಬಂತು. "ಬೆಳಿಗ್ಗೆಯಿಂದ ಬಾಯೇ ಹಾಕ್ತಿಲ್ಲ ಅಕ್ಕ. ಬರೀ ನಿದ್ದೆ."

ನರ್ಸಮ್ಮ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ತಾತ, ಒಂದು ನಿಮಿಷ ಮಿಷನ್ ನಿಲ್ಸಿ."

"ನಿಲ್ಸಿದ್ರೆ ಎದ್ದು ಊರು ಒಂದು ಮಾಡ್ತಾಳೆ ಸಿಸ್ಟರಮ್ಮ. ಈ ಸದ್ದೇ ಅವಳ ಜೋಗುಳ."

"ಎದ್ರೆ ಏಳ್ಲಿ. ಇಬ್ಬರೂ ನಿಲ್ಸಿ."

ಸೊಸೆಯ ಮಿಷನ್ ನಿಂತಿತು. ತಾತ ಗೊಣಗುತ್ತಾ ಕಾಲು ತೆಗೆದ. ಚಕ್ರ ಇನ್ನೆರಡು ಸುತ್ತು ತಿರುಗಿ ನಿಂತಿತು. ಕೋಣೆ ನಿಶ್ಶಬ್ದವಾಯಿತು.

ಉಂಡೆ ಏಳಲಿಲ್ಲ.

ತಾತ ಕಾದ. ಇನ್ನೇನು ರಾಗ ಶುರುವಾಗುತ್ತದೆ ಎಂದುಕೊಂಡ. ರಾಗ ಬರಲಿಲ್ಲ. ಅದರ ಬದಲು, ಎರಡು ದಿನದಿಂದ ಮಿಷನ್ನಿನ ಸದ್ದಿನಡಿಯಲ್ಲಿ ಹೂತುಹೋಗಿದ್ದ ಇನ್ನೊಂದು ಸದ್ದು ಕೇಳಿಸಿತು. ಮಗು ಪ್ರತಿ ಉಸಿರು ಬಿಡುವಾಗಲೂ ಭಾರ ಎತ್ತುವವರ ಹಾಗೆ ಸಣ್ಣಗೆ ನರಳುತ್ತಿತ್ತು. ಒಂದರ ಹಿಂದೆ ಒಂದು, ಬಿಡುವೇ ಇಲ್ಲದೆ.

"ಅಂಗಿ ಬಿಚ್ಬೇಕು, ಎದೆ ನೋಡ್ಬೇಕು," ಎಂದಳು ನರ್ಸಮ್ಮ.

"ಬೇಡ ಸಿಸ್ಟರಮ್ಮ! ಶೀತ ಹೊಕ್ಕುತ್ತೆ."

"ತಾತ, ನಿಮ್ಮ ಹೊಲಿಗೆಗೆ ನಾನು ಹೆಸರಿಡ್ತಿಲ್ಲ. ಆದ್ರೆ ಮುಚ್ಚಿಟ್ಟ ಎದೆ ಏನು ಹೇಳ್ತಿದೆ ಅಂತ ಯಾರಿಗೆ ಕಾಣುತ್ತೆ?"

ಹುಕ್ಕುಗಳು ಬೆನ್ನಿಗಿದ್ದವಲ್ಲ. ಬಿಚ್ಚಲೆಂದು ಮಗುವನ್ನು ಮೆಲ್ಲಗೆ ಬೋರಲು ಮಾಡಿದ್ದೇ ತಡ, ಅದು ಉಸಿರಿಗೆ ಒದ್ದಾಡಿತು; ತುಟಿಯ ಸುತ್ತ ಬಣ್ಣ ಮಾಸಿತು. ನರ್ಸಮ್ಮ ಥಟ್ಟನೆ ಎತ್ತಿ ನೇರ ಹಿಡಿದಳು. "ಮಲಗ್ಸೋ ಹಾಗಿಲ್ಲ. ಹೇಗೆ ಬಿಚ್ಚೋದೀಗ?" ಸೊಸೆ ಬೆನ್ನ ಹಿಂದೆ ಕೈ ಹಾಕಿದಳು, ಒಂದು ಹುಕ್ಕೂ ಸಿಗಲಿಲ್ಲ.

ತಾತ ಮೇಜಿನ ಮೇಲಿನ ದೊಡ್ಡ ಕತ್ತರಿ ತೆಗೆದುಕೊಂಡ. ಮುಗಿದ ಬಟ್ಟೆಗೆ ಕತ್ತರಿ ಹಾಕುವುದು ಅವನ ಪಾಲಿಗೆ ಪಾಪ. ಗಿರಾಕಿ ಜಗಳವಾಡಿದರೂ ಹೊಲಿಗೆ ಬಿಡಿಸುತ್ತಿದ್ದನೇ ಹೊರತು ಬಟ್ಟೆ ಕತ್ತರಿಸಿದವನಲ್ಲ. ಎಡಗೈ ಬೆರಳನ್ನು ಮಗುವಿನ ಮೈಗೂ ಬಟ್ಟೆಗೂ ನಡುವೆ ತೂರಿಸಿ, ಕೆಳಗಿನಿಂದ ಕತ್ತಿನವರೆಗೆ ಒಂದೇ ಎಳೆತಕ್ಕೆ ಕತ್ತರಿಸಿದ. ಹತ್ತಿ ಹೊರಗೆ ಉದುರಿತು.

ಆಗ ಎದೆ ಕಂಡಿತು.

ಉಂಡೆ ಉಸಿರು ಒಳಗೆಳೆದಾಗ ಪಕ್ಕೆಲುಬಿನ ಕೆಳಭಾಗ ಗುಳಿ ಬಿದ್ದು ಒಳಕ್ಕೆ ಹೋಗುತ್ತಿತ್ತು. ಬಿಟ್ಟಾಗ ಮೇಲೆ ಬರುತ್ತಿತ್ತು. ಮತ್ತೆ ಎಳೆತ, ಮತ್ತೆ ಗುಳಿ. ಯಾರೂ ತಾತನಿಗೆ ಏನನ್ನೂ ವಿವರಿಸಬೇಕಾಗಿ ಬರಲಿಲ್ಲ. ಅವನು ಕತ್ತರಿ ಕೆಳಗಿಟ್ಟ.

"ಸಿಸ್ಟರಮ್ಮ, ಉಸಿರು ಎಳ್ಕೊಂಡಾಗ ಎದೆ ಹಿಗ್ಬೇಕು. ಇದು ಒಳಗೆ ಹೋಗ್ತಿದೆ. ಇದು ಉಲ್ಟಾ!"

"ಹೌದು ತಾತ. ನ್ಯುಮೋನಿಯಾ ಇರ್ಬೇಕು. ಇದು ಮನೇಲಿ ಕಾಯೋ ನೆಗಡಿ ಅಲ್ಲ. ಈಗ್ಲೇ ಹೊರಡ್ಬೇಕು."

ತಾತ ಅವಸರದಲ್ಲಿ ಗೂಡಿನಿಂದ ಕೆಮ್ಮಿನ ಸಿರಪ್ಪಿನ ಹಳೇ ಬಾಟಲಿ ತೆಗೆದ. "ದಾರಿಗೆ ಒಂದು ಚಮಚ ಹಾಕ್ಲಾ?" ಅದು ಯಾವಾಗಲೋ ತನಗೆ ತಂದದ್ದು.

"ಬೇಡವೇ ಬೇಡ. ಹೀಗೆ ಉಸಿರಾಡೋ ಮಗುವಿನ ಬಾಯಿಗೆ ಏನು ಹಾಕಿದ್ರೂ ಶ್ವಾಸನಾಳಕ್ಕೆ ಹೋಗ್ಬಹುದು. ದೊಡ್ಡವರ ಔಷಧಿ ಚಿಕ್ಕವರಿಗಂತೂ ಯಾವತ್ತೂ ಬೇಡ."

ನರ್ಸಮ್ಮ ಕೂಗಿದ್ದಕ್ಕೆ ಎದುರಿನ ಬ್ರೆಡ್ ಅಂಗಡಿಯವನು ತನ್ನ ವ್ಯಾನು ತೆಗೆದ. ಸೊಸೆ ಮಗುವನ್ನು ಎದೆಗೆ ನೇರವಾಗಿ ಒರಗಿಸಿಕೊಂಡು ನರ್ಸಮ್ಮನ ಪಕ್ಕ ಕೂತಳು. ಮೇಲೊಂದು ತೆಳು ಹೊದಿಕೆ, ಮುಖಕ್ಕೆ ಗಾಳಿ. ಬ್ರೆಡ್ಡಿನ ತಟ್ಟೆಗಳ ನಡುವೆ ತಾತ, ಕತ್ತಿನಲ್ಲಿ ಟೇಪು ನೇತಾಡಿಸಿಕೊಂಡೇ, ದಾರಿಯುದ್ದಕ್ಕೂ ಮಗುವಿನ ಮುಖವನ್ನೇ ನೋಡುತ್ತಾ ಕೂತ.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿದರು. ಉಂಡೆಯ ಕಾಲ್ಬೆರಳಿಗೆ ಕೆಂಪು ದೀಪದ ಪುಟ್ಟ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಿದರು. ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟರು. ನರ್ಸಮ್ಮ ಮೂಗಿಗೆ ಆಕ್ಸಿಜನ್ನಿನ ಸಣ್ಣ ನಳಿಗೆ ಇಡಲು ಹೋದಾಗ ತಾತ ಅಡ್ಡ ನಿಂತ.

"ಬೇಡ. ಅದು ಮಾತ್ರ ಬೇಡ." ಅವನು ಎರಡೂ ಕೈ ಚಾಚಿದ. "ಮೂಗಿಗೆ ಪೈಪು ಹಾಕಿದ್ರೆ ಮುಗೀತು ಅಂತಲೇ ಅರ್ಥ. ನಮ್ಮವಳಿಗೂ ಕೊನೇಲಿ ಅದನ್ನೇ ಹಾಕಿದ್ರು. ಅವಳು ಮನೆಗೆ ಬರ್ಲಿಲ್ಲ. ಮಗೂನ ಕೊಡಿ, ಮನೆಗೆ ಕರ್ಕೊಂಡು ಹೋಗ್ತೀನಿ."

ಮದುವೆಯಾಗಿ ಬಂದಂದಿನಿಂದ ಮಾವನಿಗೆ ಎದುರಾಡದ ಸೊಸೆ ಆಗ ಬಾಯಿ ತೆರೆದಳು.

"ಮಾವ, ನಿಮ್ಮ ಮಾತು ಇಲ್ಲಿವರೆಗೆ ಕೇಳಿದೀನಿ. ಇವತ್ತು ಕೇಳಲ್ಲ. ನನ್ನ ಮಗೂನ ಕಳಿಸಲ್ಲ."

ತಾತ ಅವಳನ್ನೇ ನೋಡಿದ. ನರ್ಸಮ್ಮ ಅವನ ಭುಜ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. "ತಾತ, ಇದು ಕೊನೇಲಿ ಹಾಕೋದಲ್ಲ. ಬೇಗ ಹಾಕ್ಬೇಕಾದ್ದು. ಇಷ್ಟು ಪುಟ್ಟ ಜೀವ ಒಂದೊಂದು ಉಸಿರಿಗೂ ಮೂಟೆ ಹೊರ್ತಿದೆ. ನಾವು ಮೂಟೆಯ ಇನ್ನೊಂದು ತುದಿ ಹಿಡ್ಕೋತಿದೀವಿ, ಅಷ್ಟೇ. ಸುಧಾರಿಸಿದ ಮೇಲೆ ತೆಗೀತೀವಿ. ಅಲ್ಲಿವರೆಗೆ ನಿಮಗೊಂದು ಕೆಲ್ಸ ಕೊಡ್ಲಾ?"

"ಏನು?"

"ಆ ಗುಳಿ ನೋಡ್ತಿರಿ. ಎದೆ ಅಳೆಯೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಳ ಆದ್ರೆ, ತುಟಿ ನೀಲಿ ಆದ್ರೆ ನನ್ನ ಕೂಗಿ."

ನರ್ಸಮ್ಮ ನಳಿಗೆ ಇಟ್ಟಳು, ತಾತ ಆ ಎದೆಯನ್ನೇ ನೋಡುತ್ತಾ ಕೂತ. ಸೂಜಿಯ ಕಣ್ಣಿಗೆ ದಾರ ಏರಿಸುವಾಗಿನ ಕಣ್ಣು ಅದು; ರೆಪ್ಪೆ ಬಡಿಯುವುದಕ್ಕೂ ಹಿಂದೆಮುಂದೆ ನೋಡುತ್ತಿತ್ತು. ಅಲ್ಲಿ ಕೂತು ಅವನು ನರ್ಸಮ್ಮನ ಕೆಲಸವನ್ನೂ ನೋಡಿದ. ಅವಳು ಮಂಚದ ತಲೆಭಾಗ ಏರಿಸಿದಳು, ಕತ್ತು ಮಡಚದಂತೆ ಭುಜದಡಿ ಬಟ್ಟೆಯ ಸಣ್ಣ ಸುರುಳಿ ಇಟ್ಟಳು. ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು ಮೆತ್ತಗಾದ ಸಿಂಬಳವನ್ನು ಹಗುರಕ್ಕೆ ತೆಗೆದಳು. ಮಗುವನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆದಳು. ಮಗು ಅತ್ತರೆ ದಣಿಯುತ್ತದೆಂದು ಸುಮ್ಮಸುಮ್ಮನೆ ಎತ್ತಿ ಇಳಿಸಲು ಯಾರಿಗೂ ಬಿಡಲಿಲ್ಲ. ಉಸಿರು ಸ್ವಲ್ಪ ಇಳಿದ ಮೇಲೆ ಸೊಸೆಯನ್ನು ಕರೆದು, "ಈಗ ಹಾಲು ಕೊಡಿ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಎರಡು ಗುಟುಕು, ಒಂಚೂರು ವಿಶ್ರಾಂತಿ, ಮತ್ತೆ ಎರಡು ಗುಟುಕು," ಎಂದಳು.

ತಾತ ಮೆಲ್ಲಗೆ ಕೇಳಿದ, "ಹಾಲು ಕಫ ಮಾಡಲ್ವಾ ಸಿಸ್ಟರಮ್ಮ?"

"ಕಫ ಮಾಡಲ್ಲ ತಾತ, ಶಕ್ತಿ ಕೊಡುತ್ತೆ. ಹಸಿದ ಕೂಸು ಕಾಯಿಲೆ ಜೊತೆ ಹೇಗೆ ಜಗಳ ಆಡುತ್ತೆ?"

ತಾತ ತಲೆ ತಗ್ಗಿಸಿದ. ಎರಡು ದಿನ ಆ ಕೂಸನ್ನು ತಾನೇ ಅರೆಹೊಟ್ಟೆಯಲ್ಲಿ ಇಟ್ಟೆನಲ್ಲ ಎಂದುಕೊಂಡ. ಸೊಸೆ ಅದನ್ನು ಕಂಡಳು. ಮಗುವಿನ ಪುಟ್ಟ ಕೈಯನ್ನು ತೆಗೆದು ಅವನ ಬೆರಳ ಮೇಲೆ ಇಟ್ಟಳು.

ಮರುದಿನ ಬೆಳಕು ಹರಿದು, ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಂದಾಗ ವಾರ್ಡಿನವರೆಲ್ಲ ಬೆಚ್ಚಿಬೀಳುವಂತೆ ತಾತ ಕೂಗಿದ.

"ಸಿಸ್ಟರಮ್ಮಾ! ಹಿಗ್ತಿದೆ! ಬನ್ನಿ, ಬನ್ನಿ, ಎದೆ ಹಿಗ್ತಿದೆ!"

ನರ್ಸಮ್ಮ ಓಡಿಬಂದಳು. ಗುಳಿ ಹೋಗಿತ್ತು. ಉಸಿರು ಎಳೆದಾಗ ಪುಟ್ಟ ಎದೆ ಮೇಲೆದ್ದು ಇಳಿಯುತ್ತಿತ್ತು. ತಾತನ ಕೂಗಿಗೆ ಎಚ್ಚೆತ್ತ ಉಂಡೆ ಕಣ್ಣು ಬಿಟ್ಟು, ಅವನ ಕತ್ತಿನಿಂದ ಜೋತ ಟೇಪಿನ ತುದಿ ಹಿಡಿದು ಬಾಯಿಗೆ ಹಾಕಿಕೊಂಡಳು. ತಾತ ಅಳುತ್ತಾ ನಕ್ಕನೋ ನಗುತ್ತಾ ಅತ್ತನೋ, ನೋಡಿದವರಿಗೂ ಗೊತ್ತಾಗಲಿಲ್ಲ.

ಕೆಲವು ದಿನದ ಚಿಕಿತ್ಸೆ ಮುಗಿಸಿ ಉಂಡೆ ಮನೆಗೆ ಬಂದಳು. ಸಮವಸ್ತ್ರ ಕೊಡುವುದು ತಡವಾಯಿತು. ಅದರಿಂದ ಯಾವ ಶಾಲೆಯೂ ಬಿದ್ದುಹೋಗಲಿಲ್ಲ. ಜೇಬು ಆಳ ಮಾಡಿದ ಬಟ್ಟೆ ಒಯ್ಯಲು ನರ್ಸಮ್ಮ ಬಂದಾಗ ಅಂಗಡಿಯ ಕಿಟಕಿ ತೆರೆದಿತ್ತು, ಇಸ್ತ್ರಿಪೆಟ್ಟಿಗೆ ಹೊರಗಿನ ಜಗಲಿಗೆ ಹೋಗಿತ್ತು. ಬುಟ್ಟಿಯಲ್ಲಿ ಚೂರುಪಾರಿನ ಬದಲು ಒಗೆದ ಹಾಸಿಗೆ ಇತ್ತು.

"ಸಿಸ್ಟರಮ್ಮ, ಒಂದು ಅನುಮಾನ," ಎಂದ ತಾತ. "ಹಾಗಾದ್ರೆ ಪ್ರತಿ ನೆಗಡಿಗೂ ಆಸ್ಪತ್ರೆಗೆ ಓಡ್ಬೇಕಾ?"

"ಬೇಡ ತಾತ. ಮಗು ಆಡ್ಕೊಂಡಿದ್ರೆ, ಕುಡಿದು ತಿಂದು ಮಾಡ್ತಿದ್ರೆ ಸಾಮಾನ್ಯ ನೆಗಡಿ ಮನೇಲೇ ವಾಸಿಯಾಗುತ್ತೆ. ಮೂಗು ಚೊಕ್ಕ ಇಡಿ, ಎದೆಹಾಲು ನಿಲ್ಲಿಸ್ಬೇಡಿ, ಬೆಚ್ಚಗಿಡಿ, ಆದ್ರೆ ಬಿಗಿದು ಕಟ್ಬೇಡಿ. ಹೊಗೆ ದೂರ ಇರ್ಲಿ. ಒಂದು ವರ್ಷ ತುಂಬದವಕ್ಕೆ ಜೇನು ನೆಕ್ಕಿಸ್ಬೇಡಿ. ಆದ್ರೆ ದಿನಕ್ಕೆ ಕೆಲವು ಸಲ, ಮಗು ಅಳದೆ ಸುಮ್ಮನಿದ್ದಾಗ, ಅಂಗಿ ಎತ್ತಿ ಉಸಿರು ನೋಡಿ. ಒಂದು ಪೂರ್ತಿ ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು, ವರ್ಷದೊಳಗಿನ ಮಗುವಿಗೆ ಐವತ್ತು, ಐದು ವರ್ಷದೊಳಗಿನವರಿಗೆ ನಲವತ್ತು. ಅಷ್ಟು ಮುಟ್ಟಿದ್ರೆ ಅವತ್ತೇ ಆಸ್ಪತ್ರೆಗೆ ಬನ್ನಿ."

"ಮತ್ತೆ ಆ ಗುಳಿ?"

"ಗುಳಿ ಬಿದ್ರೆ, ನರಳಿದ್ರೆ, ಹಾಲು ಬಿಟ್ರೆ, ತುಟಿ ನೀಲಿ ಆದ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ ಎಣಿಸ್ತಾ ಕೂರ್ಬೇಡಿ. ಓಡಿ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಇವಳ ಲಸಿಕೆ ಎಲ್ಲ ಆಗಿದೆಯಾ?"

ಸೊಸೆ ನಾಲಿಗೆ ಕಚ್ಚಿಕೊಂಡಳು. "ಕೆಲಸದ ಗಡಿಬಿಡೀಲಿ ಒಂದು ಬಾಕಿ ಉಳೀತು ಅಕ್ಕ."

"ಬಾಕಿ ಇಡ್ಬೇಡಮ್ಮ. ನ್ಯುಮೋನಿಯಾ ತಡೆಯೋ ಲಸಿಕೇನೂ ಅದರಲ್ಲಿದೆ. ಯಾವಾಗ ಹಾಕಿಸ್ಬೇಕು ಅಂತ ಕೇಳಿಕೊಂಡು ಹಾಕಿಸು."

"ನಾಳೇನೇ ಕೇಳ್ಕೊಂಡು ಬರ್ತಾಳೆ," ಎಂದ ತಾತ. ಸೊಸೆ ಅವನ ಮುಖ ನೋಡಿದಳು. ತಾತ ತಿದ್ದಿಕೊಂಡ: "ಇಬ್ಬರೂ ಹೋಗ್ತೀವಿ."

ತಾತ ಉಂಡೆಗೆ ಹೊಸ ಅಂಗಿ ಹೊಲಿದ. ಮೆತ್ತನೆ ಬಟ್ಟೆ, ಸಡಿಲ ಅಳತೆ, ಮುಂದೆ ಕಟ್ಟುವ ಎರಡು ಲಾಡಿ. ಎಳೆದರೆ ಎದೆ ಪೂರ್ತಿ ಕಾಣಬೇಕು. ಅಂಥವನ್ನೇ ಇನ್ನಷ್ಟು ಹೊಲಿದು ನರ್ಸಮ್ಮನ ವಾರ್ಡಿಗೂ ಕೊಟ್ಟು ಬಂದ. ಈಗಲೂ ಕೆಲಸದ ನಡುವೆ ಆಗಾಗ ಮಿಷನ್ ನಿಲ್ಲಿಸುತ್ತಾನೆ. ಬುಟ್ಟಿಯಿಂದ ರಾಗ ಹೊರಡುತ್ತದೆ. ಊರಿಗೆಲ್ಲ ಕೇಳಿಸುವ ಆ ಅಳು ಕೇಳಿ ಅವನ ಮುಖ ಅರಳುತ್ತದೆ. "ಅಳು ನನ್ನವ್ವ, ಜೋರಾಗಿ ಅಳು," ಎಂದು ಮತ್ತೆ ತುಳಿಯಲು ಶುರುಮಾಡುತ್ತಾನೆ.

ಆ ಕತ್ತರಿಸಿದ ಕೋಟೆ ಮಾತ್ರ ಅಂಗಡಿಯ ಗೋಡೆಯ ಮೊಳೆಗೆ ನೇತಾಡುತ್ತಿದೆ. ಹೊಸ ಗಿರಾಕಿಗಳು, "ಏನು ತಾತ, ಹಾಳಾದ ಬಟ್ಟೇನ ಹೀಗೆ ಎದುರಿಗೇ ಹಾಕಿದೀರಿ?" ಎಂದು ನಗುತ್ತಾರೆ.

"ಹಾಳಾದದ್ದಲ್ಲ ಕಣಪ್ಪ," ಎನ್ನುತ್ತಾನೆ ತಾತ. "ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೇ ಕಟಿಂಗ್ ಅಂದ್ರೆ ಅದೊಂದೇ."

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿತಾತಂದಿರೇ, ನಿಮ್ಮ ಮನೆಯಲ್ಲೂ ಒಂದು ಉಂಡೆ ಇದ್ದೀತು. ಅದಕ್ಕೂ ನೆಗಡಿ ಬಂದೀತು, ಕೆಮ್ಮು ಬಂದೀತು. ಹೆದರಬೇಡಿ, ಹಾಗೆಂದು ಮರೆಯಲೂ ಬೇಡಿ. ನಿಮ್ಮ ಮನೆಯಲ್ಲಿ ಸದ್ದು ಮಾಡುವುದು ಟಿವಿಯೋ, ಮಿಕ್ಸಿಯೋ, ಇಲ್ಲ ನಮ್ಮದೇ ಬಾಯೋ, ಅದನ್ನು ಒಂದು ನಿಮಿಷ ನಿಲ್ಲಿಸಿ. ಮಗುವಿನ ಅಂಗಿ ಎತ್ತಿ. ಉಸಿರು ಎಳೆದಾಗ ಎದೆ ಹಿಗ್ಗುತ್ತಿದೆಯೇ, ಗುಳಿ ಬೀಳುತ್ತಿದೆಯೇ, ನೋಡಿ. ಗುಳಿ ಬಿದ್ದರೆ ನೆರೆಯವರನ್ನು ಎಬ್ಬಿಸಿ, ಸಿಕ್ಕ ಗಾಡಿ ಹತ್ತಿ, ಆಸ್ಪತ್ರೆಗೆ ಹೊರಡಿ. ಬಟ್ಟೆ ಮತ್ತೆ ಹೊಲಿಯಬಹುದು.